ಗುಂಡು ಕೂರಿಸುವ ಮುನ್ನ ಕೇಸಿನೊಳಗೆ ನೋಡಿದಿರಾ?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಗುರಿ ಅಭ್ಯಾಸದ ರೇಂಜ್‌ಗೆಂದು ಒಂದು .38 ಸ್ಪೆಷಲ್ ರಿವಾಲ್ವರ್, ಜಿಂಕೆ ಬೇಟೆಗೆಂದು ಒಂದು .308 ರೈಫಲ್ ಇಟ್ಟುಕೊಂಡಿದ್ದೇನೆ. ನಿವೃತ್ತರಾದ ಸಹೋದ್ಯೋಗಿಯೊಬ್ಬರು ತಮ್ಮ ರೀಲೋಡಿಂಗ್ ಪ್ರೆಸ್, ಅರ್ಧ ಡಬ್ಬ ಮದ್ದು, ಜಾಮ್ ಬಾಟಲಿ ತುಂಬ ಪ್ರೈಮರ್ ಮತ್ತು ಅಳತೆಗಳನ್ನು ಬರೆದಿಟ್ಟ ನೋಟ್‌ಬುಕ್ ಕೊಟ್ಟಿದ್ದಾರೆ. ಮನೆಯಲ್ಲೇ ತೋಟಾ ತುಂಬುವಾಗ, ಅಂದರೆ ಹಾರಿಸಿದ ತೋಟಾದ ಹಿತ್ತಾಳೆ ಕೋಶಕ್ಕೆ (ಕೇಸ್) ಹೊಸ ಪ್ರೈಮರ್, ಮದ್ದು, ಗುಂಡು ಹಾಕುವಾಗ, ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪುಗಳು ಯಾವುವು?

ಉತ್ತರ: ಪ್ರೆಸ್ ಇಟ್ಟುಕೊಳ್ಳಿ. ಉಳಿದ ಮೂರನ್ನೂ ಬಳಸಬೇಡಿ. ಕೊಟ್ಟವರ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ನೀವು ಕೇಳಿದ ತಪ್ಪುಗಳಲ್ಲಿ ಮೂರು ಆ ಪೆಟ್ಟಿಗೆಯಲ್ಲೇ ಇವೆ.

ಮೊದಲು ಮದ್ದು. ತೆರೆದ ಡಬ್ಬದಲ್ಲಿ ಇರುವುದು ಲೇಬಲ್ಲಿನಲ್ಲಿ ಬರೆದದ್ದೇ ಎಂದು ಹೇಳಬಲ್ಲವರು ಯಾರೂ ಇಲ್ಲ. ಯಾವತ್ತೋ ಒಂದು ದಿನ ಅಳತೆ ಯಂತ್ರದಲ್ಲಿ ಉಳಿದದ್ದನ್ನು ತಪ್ಪು ಡಬ್ಬಕ್ಕೆ ಸುರಿದಿರಬಹುದು. ಹೊಗೆರಹಿತ ಮದ್ದುಗಳು ನೋಡಲು ಒಂದನ್ನೊಂದು ಹೋಲುತ್ತವೆ. ಉರಿಯುವ ವೇಗದಲ್ಲಿ ಮಾತ್ರ ಅಜಗಜಾಂತರ. ರಿವಾಲ್ವರಿನ ವೇಗದ ಮದ್ದು ರೈಫಲ್ ಅಳತೆಯಲ್ಲಿ ತುಂಬಿಕೊಂಡರೆ ರೈಫಲ್ ಛಿದ್ರವಾಗುತ್ತದೆ. ಹೆಸರುಗಳೂ ಮೋಸ ಮಾಡುತ್ತವೆ: ಎಚ್ 4895, ಐಎಂಆರ್ 4895 ಎರಡೂ ನಿಮ್ಮ .308ಕ್ಕೆ ಒಗ್ಗುವ ಮದ್ದುಗಳೇ, ಆದರೆ ಎರಡೂ ಬೇರೆ ಬೇರೆ. ಒಂದರ ಅಳತೆ ಇನ್ನೊಂದಕ್ಕೆ ಸಲ್ಲದು. ಹಾಗಾಗಿ ಸೀಲ್ ಒಡೆಯದ ಡಬ್ಬವನ್ನೇ ಕೊಳ್ಳಿ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬವಿರಲಿ. ಕೆಲಸ ಮುಗಿದ ಕೂಡಲೇ ಉಳಿದ ಮದ್ದು ಅದೇ ಡಬ್ಬಕ್ಕೆ ವಾಪಸ್ ಹೋಗಲಿ.

ಪ್ರೈಮರ್ ಎಂದರೆ ನಮ್ಮೂರಿನ ಕೇಪಿನ ತಮ್ಮನೇ. ಪೆಟ್ಟು ಬಿದ್ದರೆ ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುವುದೇ ಅದರ ಕೆಲಸ. ಕಂಪನಿಯವರು ಒಂದೊಂದನ್ನೂ ಬೇರೆ ಬೇರೆ ಗೂಡಿನಲ್ಲಿ ಕೂರಿಸಿ ಕೊಡುವುದು, ಒಂದು ಸಿಡಿದರೂ ಪಕ್ಕದ್ದು ಹೊತ್ತಿಕೊಳ್ಳದಿರಲಿ ಎಂದು. ಅವನ್ನೆಲ್ಲ ಗಾಜಿನ ಬಾಟಲಿಯಲ್ಲಿ ಒಟ್ಟು ಹಾಕಿದರೆ ಅದು ಬಾಂಬೇ ಸರಿ. ಆ ಬಾಟಲಿಯನ್ನು ಅಲುಗಾಡಿಸಬೇಡಿ, ಕಾರಿನಲ್ಲಿ ಹಾಕಿಕೊಂಡು ಹೋಗಬೇಡಿ. ಇದ್ದಲ್ಲೇ ಬಿಟ್ಟು ಸ್ಥಳೀಯ ಅಗ್ನಿಶಾಮಕ ಇಲಾಖೆಗೆ ಫೋನ್ ಮಾಡಿ, ಹಳೆಯ ಮದ್ದನ್ನು ಏನು ಮಾಡಬೇಕೆಂದೂ ಅವರನ್ನೇ ಕೇಳಿ.

ಇನ್ನು ನೋಟ್‌ಬುಕ್. ಅದರ ಅಳತೆಗಳು ಅವರ ಬಂದೂಕಿಗೆ, ಅವರು ಕೊಂಡ ಮದ್ದಿಗೆ, ಅವರು ಬಳಸಿದ ಕೇಸಿಗೆ ಹೊಂದಿದ್ದವು. ಮದ್ದು ತಯಾರಿಸುವ ಕಂಪನಿಗಳು ಪರೀಕ್ಷಿಸಿ ಪ್ರಕಟಿಸುವ ಈಗಿನ ಕೋಷ್ಟಕವನ್ನೇ ನಂಬಿ. ಅದರಲ್ಲಿ ಆರಂಭದ ಅಳತೆ, ಗರಿಷ್ಠ ಅಳತೆ ಎಂದು ಎರಡು ಇರುತ್ತವೆ. ಆರಂಭದಿಂದಲೇ ಶುರುಮಾಡಿ. ಗುಂಡಿನ ತೂಕ, ಕೇಸ್, ಪ್ರೈಮರ್ ಯಾವುದು ಬದಲಾದರೂ ಮತ್ತೆ ಆರಂಭಕ್ಕೇ ಬನ್ನಿ.

ಹೊಸಬರು ಎಂದಾಗ ಮಲೆನಾಡಿನವರ, ಕೊಡಗಿನವರ ವಿಷಯದಲ್ಲಿ ನನಗೊಂದು ವಿಶೇಷ ಆತಂಕ. ಅಜ್ಜ ಕೇಪಿನ ಕೋವಿಗೆ ಮದ್ದು ಸುರಿದು, ಗಜದಿಂದ ಜಡಿದು, ಮೇಲೆ ಚರೆ ಹಾಕುತ್ತಿದ್ದುದನ್ನು ನಾವು ನೋಡಿ ಬೆಳೆದವರು. ಅವರ ಅಳತೆ ಅಂಗೈಯಲ್ಲಿತ್ತು. ಕರಿಮದ್ದು ಅಷ್ಟರಮಟ್ಟಿಗೆ ಸಹಿಸುತ್ತದೆ. ಇಕ್ಕಟ್ಟು ಹೆಚ್ಚಿದ ಮಾತ್ರಕ್ಕೆ ಅದು ಉರಿಯುವ ವೇಗ ವಿಪರೀತ ಏರುವುದಿಲ್ಲ. ಹೊಗೆರಹಿತ ಮದ್ದು ಹಾಗಲ್ಲ. ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಇದರ ಲೆಕ್ಕವೆಲ್ಲ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ಅಂಗೈ, ಚಮಚ, ಕಣ್ಣಂದಾಜು ಯಾವುದೂ ಇಲ್ಲಿ ನಡೆಯುವುದಿಲ್ಲ. ತಕ್ಕಡಿಯನ್ನು ಪ್ರತಿ ಸಲ ಪರೀಕ್ಷಾ ತೂಕದಿಂದ ಸರಿನೋಡಿ. ಅಜ್ಜನ ಕೇಪಿನ ಕೋವಿಗೆ ಹೊಗೆರಹಿತ ಮದ್ದನ್ನಂತೂ ಯಾವ ಕಾಲಕ್ಕೂ ಹಾಕಬೇಡಿ. ನಳಿಗೆ ಸಿಡಿದು ಕೈ ಹೋಗುತ್ತದೆ, ಜೀವವೂ ಹೋದೀತು.

ನಿಮ್ಮ ರಿವಾಲ್ವರಿನ ಮಟ್ಟಿಗೆ ಅತಿ ದೊಡ್ಡ ಅಪಾಯ ಒಂದೇ ಕೇಸಿಗೆ ಎರಡು ಸಲ ಮದ್ದು ಬೀಳುವುದು. .38 ಸ್ಪೆಷಲ್ ಹುಟ್ಟಿದ್ದು 1898ರಲ್ಲಿ, ಕರಿಮದ್ದಿನ ಲೆಕ್ಕದಲ್ಲಿ. ಅದಕ್ಕೇ ಕೇಸ್ ಅಷ್ಟು ಉದ್ದ. ಇಂದಿನ ವೇಗದ ಮದ್ದು ಅದರ ತಳದಲ್ಲಿ ಸ್ವಲ್ಪವೇ ಕಾಣುತ್ತದೆ. ಎರಡನೇ ಅಳತೆ ಬಿದ್ದರೂ ತುಂಬಿ ಚೆಲ್ಲುವುದಿಲ್ಲ, ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಆಮೇಲೆ ಹೊರಗಿನಿಂದ ನೋಡಿದರೆ ಎಲ್ಲ ತೋಟಾಗಳೂ ಒಂದೇ. ಆ ತೋಟಾಕ್ಕೆ ಅಮೆರಿಕದ ಉದ್ಯಮ ಮಾನಕ ಒಪ್ಪುವ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್. ಎರಡರಷ್ಟು ಮದ್ದು ಅದನ್ನು ಎಷ್ಟೋ ಮೀರಿ ಹೋಗುತ್ತದೆ.

ನನಗೇ ಒಮ್ಮೆ ಹೀಗಾಗಿದೆ. ಗ್ಯಾರೇಜಿನಲ್ಲಿ ತುಂಬುತ್ತಿದ್ದಾಗ ಊರಿನಿಂದ ಅಮ್ಮನ ಫೋನ್ ಬಂತು. ಹತ್ತು ನಿಮಿಷ ಮಾತಾಡಿ ಬಂದು ಕೈ ಮುಂದುವರಿಸಿದೆ. ಐವತ್ತು ಕೇಸ್‌ಗಳ ಹಲಗೆಯ ಮೇಲೆ ಟಾರ್ಚ್ ಹಿಡಿದಾಗ ಒಂದರಲ್ಲಿ ಮಾತ್ರ ಮದ್ದಿನ ಮಟ್ಟ ಮೇಲಿತ್ತು. ಕೈಕಾಲು ತಣ್ಣಗಾದವು. ಅಂದಿನಿಂದ ಫೋನ್ ಮನೆಯೊಳಗೇ ಇರುತ್ತದೆ. ಮದ್ದು ಬೀಳದ ಕೇಸ್‌ಗಳು ಎಡಗಡೆ ಬಾಯಿ ಕೆಳಗಾಗಿ, ಬಿದ್ದವು ಬಲಗಡೆ ಹಲಗೆಯಲ್ಲಿ. ಎಲ್ಲವೂ ತುಂಬಿದ ಮೇಲೆ ಟಾರ್ಚ್ ಬೆಳಕು ಹಾಯಿಸಿ ಒಂದೊಂದರ ಒಳಗೂ ನೋಡದೆ ಒಂದೇ ಒಂದು ಗುಂಡನ್ನೂ ಕೂರಿಸುವುದಿಲ್ಲ. ನಡುವೆ ಎದ್ದು ಹೋಗಬೇಕಾಗಿ ಬಂದರೆ ಕೈಯಲ್ಲಿದ್ದ ಕೇಸನ್ನು ಖಾಲಿ ಮಾಡಿಯೇ ಏಳುತ್ತೇನೆ. ನೀವೂ ಶುರುವಿನಲ್ಲಿ ಹೀಗೇ ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಹೋಗಿ. ಒಂದೇ ಎಳೆತಕ್ಕೆ ನಾಲ್ಕೈದು ಕೆಲಸ ಮಾಡುವ ಪ್ರೆಸ್ ಆಮೇಲಿನ ಮಾತು.

ಇದರ ಎದುರಿನ ತಪ್ಪು, ಮದ್ದೇ ಬೀಳದ ಕೇಸ್. ಆಗ ಪ್ರೈಮರ್ ಮಾತ್ರ ಸಿಡಿದು ಗುಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಢಂ ಎನ್ನಬೇಕಾದದ್ದು ಟುಸ್ ಎಂದರೆ ಅಲ್ಲಿಗೇ ನಿಲ್ಲಿಸಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಪೂರ್ತಿ ಖಾಲಿ ಮಾಡಿ, ನಳಿಗೆಯಲ್ಲಿ ಕಡ್ಡಿ ಹಾಯಿಸಿ ನೋಡಿ. ಇನ್ನೊಂದು ಈಡು ಹಾರಿಸಿದರೆ ಹಿಂದಿನ ಗುಂಡು ಮುಂದಿನದಕ್ಕೆ ಗೋಡೆಯಾಗುತ್ತದೆ.

.308ರ ಕಥೆ ಬೇರೆ. ಅಲ್ಲಿ ಹಿತ್ತಾಳೆಯ ಕೇಸಿನ ಮೇಲೆ ಕಣ್ಣಿಡಬೇಕು. ಅದರ ಗರಿಷ್ಠ ಒತ್ತಡ 62,000 ಪೌಂಡ್. ಹಾರಿಸಿದಾಗಲೆಲ್ಲ ಕೇಸ್ ಹಿಗ್ಗಿ ಉದ್ದವಾಗುತ್ತದೆ. 2.015 ಇಂಚು ದಾಟಿದರೆ ಕತ್ತರಿಸಬೇಕು, ಇಲ್ಲದಿದ್ದರೆ ಕೇಸಿನ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿಕೊಂಡು ಒತ್ತಡ ಏರುತ್ತದೆ. ಹಿಗ್ಗಿದ ಕೇಸನ್ನು ಮತ್ತೆ ಆಕಾರಕ್ಕೆ ತರುವ ಅಚ್ಚನ್ನು (ಡೈ) ಅಗತ್ಯಕ್ಕಿಂತ ಕೆಳಗಿಳಿಸಿ, ಕೇಸ್ ಕತ್ತಿನ ಕಡೆಗೆ ಕಿರಿದಾಗುವ ಭುಜದ ಭಾಗವನ್ನು ಹೆಚ್ಚು ಹಿಂದಕ್ಕೆ ತಳ್ಳುವುದು ಹೊಸಬರ ಮಾಮೂಲಿ ತಪ್ಪು. ಹೀಗಾದರೆ ಬುಡದ ಬಳಿ ಹಿತ್ತಾಳೆ ತೆಳುವಾಗುತ್ತಾ ಬಂದು ಒಂದು ದಿನ ಎರಡು ತುಂಡಾಗುತ್ತದೆ. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಬಿಟ್ಟು ಬುಡದ ಬಳಿ ಎಳೆಯಿರಿ. ತಗ್ಗಿಗೆ ಸಿಕ್ಕಿಕೊಂಡಂತಾದರೆ ಎಸೆಯಿರಿ. ರೇಂಜ್‌ನಲ್ಲಿ ಹೆಕ್ಕಿದ ಸೈನ್ಯದ 7.62 ಕೇಸ್‌ಗಳ ಗೋಡೆ ಸಾಮಾನ್ಯವಾಗಿ ದಪ್ಪ, ಒಳಜಾಗ ಕಡಿಮೆ. ಅದೇ ಮದ್ದಿಗೆ ಅಲ್ಲಿ ಒತ್ತಡ ಹೆಚ್ಚು. ಅವನ್ನು ಬೇರೆಯೇ ಇಡಿ.

ಸೀಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಪ್ರೈಮರ್‌ನ ಮಸಿಯಲ್ಲಿ ಸೀಸವಿರುತ್ತದೆ, ಹಾರಿಸಿದ ಕೇಸ್ ಉಜ್ಜುವಾಗ ಏಳುವ ಧೂಳಿನಲ್ಲೂ ಇರುತ್ತದೆ. ಮಕ್ಕಳಿಗೆ ಅದು ವಿಷ. ಅಡುಗೆಮನೆಯ ಮೇಜು ಇದಕ್ಕೆ ಬೇಡವೇ ಬೇಡ. ಕೇಸನ್ನು ನೀರಿನಲ್ಲಿ ತೊಳೆಯುವ ವಿಧಾನ ಒಳ್ಳೆಯದು. ಕಾಫಿ ಲೋಟ ಹತ್ತಿರ ಬರಬಾರದು, ಕೈ ತೊಳೆದೇ ಮನೆಯೊಳಗೆ ಹೋಗಿ. ಕನ್ನಡಕ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಕಾನೂನಿನ ಎರಡು ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಡ, ಮಾರುವ ವ್ಯವಹಾರಕ್ಕೆ ಬೇಕು. ನಿಮಗೆ ಗ್ರೀನ್ ಕಾರ್ಡ್ ಇದೆ, ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ಗೆಳೆಯರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕಷ್ಟೇ ಅಲ್ಲ, ತೋಟಾ ಇಟ್ಟುಕೊಳ್ಳುವುದೂ ಅಪರಾಧ. ಅವರ ಕೈಗೆ ಒಂದು ಡಬ್ಬಿ ಉಡುಗೊರೆ ಕೊಡುವ ಮುನ್ನ ಇದು ನೆನಪಿರಲಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು, ಮನೆಯಲ್ಲಿ ತೋಟಾ ತಯಾರಿಸುವುದಕ್ಕಲ್ಲ. ರೇಂಜ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಬರುವಾಗ ತರಲೇಬೇಡಿ, ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ಸಾಕು, ವಿಮಾನ ನಿಲ್ದಾಣದಿಂದ ನೇರ ಪೊಲೀಸ್ ಠಾಣೆಗೆ ಹೋಗಬೇಕಾಗುತ್ತದೆ.

ಹೊಸ ಮದ್ದು, ಪ್ರೈಮರ್ ಕೊಳ್ಳುವ ದಿನವೇ ಗುಂಡು ಕೀಳುವ ಸುತ್ತಿಗೆಯನ್ನೂ ತನ್ನಿ. ತುಂಬಿದ ತೋಟಾದ ಬಗ್ಗೆ ಸಣ್ಣ ಅನುಮಾನ ಬಂದರೂ ಬಿಚ್ಚಿ ನೋಡಲು ಅದು ಬೇಕು. ಐವತ್ತರಲ್ಲಿ ಯಾವುದೆಂದು ಗೊತ್ತಾಗದಿದ್ದರೆ ಐವತ್ತನ್ನೂ ಬಿಚ್ಚಿ.