ಧಾರಾವಾಹಿಯ ನೌಕೆಗಳಲ್ಲಿ ರೇಡಿಯೊ: ಎಷ್ಟು ನಿಜ, ಎಷ್ಟು ಅಸಾಧ್ಯ

ವೈಜ್ಞಾನಿಕ ಕಥೆಗಳ ಧಾರಾವಾಹಿಯನ್ನು ಒರೆಗೆ ಹಚ್ಚುವ ಅಭಿಮಾನಿಗಳು ಮೊದಲು ಅನುಮಾನಿಸುವುದು ಅಂಗೈಯಗಲದ ರೇಡಿಯೊವನ್ನು. ನೆಲದಲ್ಲಿ ನಿಂತವರು ಅದರಿಂದ ಕಕ್ಷೆಯಲ್ಲಿರುವ ನೌಕೆಯ ಜೊತೆ ಮಾತಾಡಬಹುದೇ? ಧಾರಾಳವಾಗಿ. ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ 145.8 ಮೆಗಾಹರ್ಟ್ಸ್‌ನಲ್ಲಿ ಬರುವ ದನಿಯನ್ನು ಹ್ಯಾಮ್‌ಗಳು (ಹವ್ಯಾಸಿ ರೇಡಿಯೊ ಬಳಕೆದಾರರು) ಕೈಯಲ್ಲಿ ಹಿಡಿವ ಸೆಟ್‌ನಲ್ಲೇ ಕೇಳುತ್ತಾರೆ. ಆದರೆ ನಿಲ್ದಾಣ ಒಂದು ಸಲ ಹಾದುಹೋಗುವಾಗ ಹೆಚ್ಚೆಂದರೆ 10 ನಿಮಿಷ ಕಾಣುತ್ತದೆ. ದಿಗಂತದ ಕೆಳಗಿಳಿದರೆ ಮಾತು ಕಡಿಯುತ್ತದೆ. ಆಕ್ಷೇಪಿಸಬೇಕಾದ್ದು ಇದನ್ನು: ಕೆಳಕಕ್ಷೆಯ ನೌಕೆಯೊಡನೆ ದಿನವಿಡೀ ಹರಟೆ, ಗುಹೆಯ ಆಳದಿಂದಲೂ ಸ್ಪಷ್ಟ ದನಿ. ನೌಕೆಯನ್ನು ಭೂಸ್ಥಿರ ಕಕ್ಷೆಯಷ್ಟು ಎತ್ತರಕ್ಕೆ, 36,000 ಕಿ.ಮೀ.ಗೆ, ಏರಿಸಿದರೆ ಅದು ಸದಾ ಕಣ್ಣೆದುರು ಇರುತ್ತದೆ ನಿಜ. ದೂರ 90 ಪಟ್ಟು ಹೆಚ್ಚಿದ್ದಕ್ಕೆ ಸಂಕೇತ 8,100 ಪಟ್ಟು ಕ್ಷೀಣವಾಗುತ್ತದೆ.

ಗ್ರಹಗಳ ನಡುವಿನ ಸಂಭಾಷಣೆಗೆ ಬಂದರೆ ವಾದವೆಲ್ಲ ವಿಳಂಬದ ಸುತ್ತ ಸುತ್ತುತ್ತದೆ. ಬೆಳಕಿನ ವೇಗದ ರೇಡಿಯೊ ಸಂಕೇತ ಮಂಗಳವನ್ನು ತಲುಪಲು ಒಂದು ದಿಕ್ಕಿಗೆ 3ರಿಂದ 22 ನಿಮಿಷ ಬೇಕು. ‘ಸ್ಟಾರ್ ಟ್ರೆಕ್’ ಇದನ್ನು ದಾಟಲೆಂದೇ ಬೆಳಕಿಗಿಂತ ವೇಗದ ‘ಸಬ್‌ಸ್ಪೇಸ್’ ಅನ್ನು ಕಲ್ಪಿಸಿಕೊಂಡಿತು. ಆದರೆ ವಿಳಂಬದಷ್ಟೇ ದೊಡ್ಡ ತೊಡಕು ಬಿಟ್‌ಗಳದು, ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ದಾಟೀತು ಎಂಬುದು. ಸೌರಮಂಡಲದ ಹೊರಗೆ ಸಾಗುತ್ತಿರುವ ನೌಕೆ ವಾಯೇಜರ್ 1ರ ಟ್ರಾನ್ಸ್‌ಮಿಟರ್ ಸುಮಾರು 23 ವಾಟ್‌ನದು, ಡಿಶ್ 3.7 ಮೀಟರ್. ಗುರುಗ್ರಹದ ಬಳಿಯಿಂದ 1979ರಲ್ಲಿ ಅದು ಸೆಕೆಂಡಿಗೆ 1,15,200 ಬಿಟ್ ಕಳಿಸಿತ್ತು. ಈಗ ಮಾಮೂಲಾಗಿ ಬರುವುದು 160. ಅಂದರೆ 20 ಅಕ್ಷರ! ತೀರಾ ಅಡಕಗೊಳಿಸಿದ ದನಿಗೂ ಸಾಮಾನ್ಯವಾಗಿ ಅದರ ಹಲವು ಪಟ್ಟು ಬಿಟ್ ಬೇಕು; ಹಾಗಾಗಿ ಅಷ್ಟು ದೂರದ ನೌಕೆ ಮುಖ ತೋರಿಸುವುದಿರಲಿ, ದನಿಯನ್ನೂ ನೇರವಾಗಿ ಕಳಿಸಲಾರದು. ಚುಟುಕು ಪಠ್ಯ ಕಳಿಸಬಲ್ಲದು, ಅದೂ ಡಿಶ್ ಸರಿಯಾಗಿ ಭೂಮಿಯತ್ತ ತಿರುಗಿದ್ದರೆ. 8.4 ಗಿಗಾಹರ್ಟ್ಸ್‌ನಲ್ಲಿ ಅದರ ಕಿರಣದ ಅಗಲ ಒಂದು ಡಿಗ್ರಿಯೂ ಇಲ್ಲ. ಯುದ್ಧದಲ್ಲಿ ಗಿರಗಿರನೆ ತಿರುಗುವ ನೌಕೆಯಿಂದ ಸಂದೇಶ ಕಡಿಯದೆ ಬರುವ ದೃಶ್ಯ ನಮ್ಮನ್ನು ಕಾಡುವುದು ಇದಕ್ಕೇ.

ಡಾಪ್ಲರ್ ಪರಿಣಾಮವನ್ನಂತೂ (ನೌಕೆಯ ಚಲನೆಯಿಂದ ಸಂಕೇತದ ಆವರ್ತನ ಬದಲಾಗುವುದನ್ನು) ಚಿತ್ರಕಥೆಗಳು ನೆನೆಯುವುದೇ ಅಪರೂಪ. ನಿಜವಾದ ಎಂಜಿನಿಯರುಗಳೂ ಇಲ್ಲಿ ಎಡವಿದ್ದಾರೆ. ಶನಿಯ ಉಪಗ್ರಹ ಟೈಟನ್‌ಗೆ ಇಳಿಯಲಿದ್ದ ಹೈಗೆನ್ಸ್ ಶೋಧಕದ ಸಂಕೇತವನ್ನು ಹಿಡಿಯಬೇಕಿದ್ದ ಕ್ಯಾಸಿನಿ ನೌಕೆಯ ರಿಸೀವರ್, ಮಾಹಿತಿಯನ್ನು ಹೊತ್ತು ತರುವ ವಾಹಕ ತರಂಗದ ಆವರ್ತನ ಸರಿದದ್ದನ್ನು ಹಿಂಬಾಲಿಸುತ್ತಿತ್ತು. ಅದೇ ವೇಗದಿಂದ ಬಿಟ್‌ಗಳ ಲಯವೂ ಬದಲಾಗುವುದನ್ನು ಅದಕ್ಕೆ ಹಿಡಿಯಲಾಗುತ್ತಿರಲಿಲ್ಲ. 2000ದ ಪರೀಕ್ಷೆಯಲ್ಲಿ ಇದು ಬಯಲಾಯಿತು. ಕ್ಯಾಸಿನಿಯ ಪಥವನ್ನೇ ಬದಲಿಸಿ ಡಾಪ್ಲರ್ ತಗ್ಗಿಸಿದ್ದರಿಂದ 2005ರ ಜನವರಿ 14ರಂದು ಟೈಟನ್‌ನಿಂದ ಮಾಹಿತಿ ದಕ್ಕಿತು. ಕಥೆಯ ನೌಕೆ ಬೆಳಕಿನ ಅರ್ಧ ವೇಗದಲ್ಲಿ ದೂರ ಓಡಿದರೆ ಅದರ 8.4 ಗಿಗಾಹರ್ಟ್ಸ್ ನಮಗೆ ಸುಮಾರು 4.85ರಲ್ಲಿ ಸಿಗುತ್ತದೆ, ಅಲ್ಲಿ ಒಂದು ನಿಮಿಷ ಆಡಿದ ಮಾತು ಇಲ್ಲಿ ಮುಗಿಯಲು 104 ಸೆಕೆಂಡು ಹಿಡಿಯುತ್ತದೆ.