ಕೆಲಸ ಬಿಡುವ ಮೊದಲು ಕ್ಯೂಬ್ ರಿಜಿಸ್ಟರ್ ನೋಡಿ

ಕಳೆದ ವಾರ ರಾತ್ರಿ ಬದಿಯಡ್ಕದ ಹುಡುಗನೊಬ್ಬ ಫೋನ್ ಮಾಡಿದ್ದ. ಉಪ್ಪಳದ ಹತ್ತಿರ ಒಂದು ಫ್ಲ್ಯಾಟ್ ಕೆಲಸದಲ್ಲಿ ಸೈಟ್ ಇಂಜಿನಿಯರ್. "ಸರ್, ನಮ್ಮ ಧಣಿಗೆ ಲಾಭ ಒಂದೇ ಬೇಕು. ಕೆಲಸ ಬಿಡಲಾ?" ಎಂದು ಕೇಳಿದ.

"ಲಾಭ ಬೇಡದ ಧಣಿ ಯಾರಿದ್ದಾರೆ ಮಾರಾಯ? ಅವರು ಏನು ಮಾಡ್ತಾರೆ, ಅದನ್ನು ಹೇಳು" ಎಂದೆ.

ಮೂರು ದೂರು ಹೇಳಿದ. ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಕವರ್ ಬ್ಲಾಕ್ ತರಿಸುವುದಿಲ್ಲ, ಬದಲಿಗೆ ಕಂಬಿಯ ಅಡಿಗೆ ಜಲ್ಲಿ ಚೂರು ಇಡಿಸುತ್ತಾರೆ. ಹೊಸ ಸ್ಲ್ಯಾಬಿಗೆ ಅಡಿಯಿಂದ ಆನಿಕೆ ಕೊಟ್ಟ ಜಾಕಿಗಳನ್ನು ಬೇಗ ಎಳೆದು ಇನ್ನೊಂದು ಸೈಟಿಗೆ ಕಳಿಸುತ್ತಾರೆ. ಮಳೆ ಬರ್ತಾ ಇದೆಯಲ್ಲ ಎಂದು, ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್‌ಗೆ ಜನ ಇಡುವುದಿಲ್ಲ.

ಮೂರೂ ತಪ್ಪೇ. ಆದರೆ ಮೂರರ ತೂಕ ಒಂದೇ ಅಲ್ಲ. ಮಳೆಗಾಲದಲ್ಲಿ ಸ್ಲ್ಯಾಬಿನ ಮೇಲ್ಮೈ ಹೇಗೋ ಒದ್ದೆ ಇರುತ್ತದೆ, ಬಿಸಿಲು ಬಿದ್ದ ದಿನ ಮಾತ್ರ ಜಗಳ ಮಾಡಬೇಕು. ನಮ್ಮಲ್ಲಿ ಸಿಗುವುದು ಜಾಸ್ತಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು, ಅದಕ್ಕೆ ಕಡಿಮೆಯೆಂದರೂ 10 ದಿನ ನೀರು ಬೇಕು. ಕಂಬಗಳಿಗೆ ಮಳೆ ಸಾಲದು, ಗೋಣಿ ಸುತ್ತಲೇಬೇಕು. ಇದು ಸರಿ ಮಾಡಿಸಬಹುದಾದ ತಪ್ಪು.

ಜಾಕಿಯದ್ದು ಹಾಗಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456 ಪ್ರಕಾರ ಆಧಾರದಿಂದ ಆಧಾರಕ್ಕೆ ಸ್ಲ್ಯಾಬಿನ ಹರವು 4.5 ಮೀಟರಿನ ಒಳಗಿದ್ದರೆ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಜಾಕಿ ನಿಲ್ಲಬೇಕು. 6 ಮೀಟರಿಗಿಂತ ಉದ್ದದ ಬೀಮಿಗೆ 21 ದಿನ. ಇದು ಸಾದಾ ಒಪಿಸಿ ಸಿಮೆಂಟಿನ ಲೆಕ್ಕ. ಪಿಪಿಸಿ ನಿಧಾನವಾಗಿ ಬಲ ಬರುವಂಥದ್ದು, ಆದ್ದರಿಂದ ಇನ್ನೂ ಸ್ವಲ್ಪ ಕಾಯಬೇಕು. ಬೇಗ ಎಳೆದರೆ ಅಡಿಯಲ್ಲಿ ಓಡಾಡುವ ಕೆಲಸದವರ ಜೀವಕ್ಕೇ ಅಪಾಯ.

ಕವರ್ ಬ್ಲಾಕ್ ಎಂದರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ಅಗ್ಗದ ವಸ್ತು! ಕಡಲ ಗಾಳಿಗೆ ಮೈಯೊಡ್ಡಿದ ಕಾಂಕ್ರೀಟಿಗೆ ಅದೇ ಕೋಡ್ 45 ಮಿಲಿಮೀಟರ್ ಕವರ್, ಅಂದರೆ ಕಂಬಿಯ ಮೇಲೆ ಅಷ್ಟು ದಪ್ಪದ ಕಾಂಕ್ರೀಟ್ ಹೊದಿಕೆ, ಹೇಳುತ್ತದೆ. ಜಲ್ಲಿ ಚೂರು ಇಟ್ಟರೆ ಕಾಂಕ್ರೀಟ್ ಹಾಕುವವರ ಕಾಲು ತಾಗಿ ಅದು ಜಾರುತ್ತದೆ, ಕಂಬಿ ಹಲಗೆಗೆ ಕೂರುತ್ತದೆ. ಆಮೇಲೆ ಉಪ್ಪು ಒಳಗೆ ಹೋಗುತ್ತದೆ, ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಅಡಿಯ ಕಾಂಕ್ರೀಟ್ ಹಕ್ಕಳೆಯಾಗಿ ಬೀಳುತ್ತದೆ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಕಡಲ ಬದಿಯ ಎಷ್ಟು ಸನ್‌ಶೇಡ್‌ಗಳು ಹೀಗಾಗಿವೆ, ರಸ್ತೆಯಲ್ಲಿ ಹೋಗುವಾಗ ತಲೆ ಎತ್ತಿ ನೋಡಿ.

"ಇದು ಧಣಿಗೆ ಗೊತ್ತಾ?" ಎಂದು ಕೇಳಿದೆ. ಹುಡುಗ ಸುಮ್ಮನಾದ. ಹೆಚ್ಚಿನ ಕಡೆ ಇದೇ ಕಥೆ. ಹಿಂದೊಮ್ಮೆ ನಾನೂ ಒಬ್ಬ ಧಣಿಯನ್ನು ಸುಮ್ನೆ ಬೈದುಕೊಂಡು ಓಡಾಡಿದ್ದೆ. ಎಂ25 ದರ್ಜೆಯ ಕಾಂಕ್ರೀಟಿನಲ್ಲಿ ಒಂದು ಮೂಟೆ ಸಿಮೆಂಟಿಗೆ 25 ಲೀಟರಿಗಿಂತ ಹೆಚ್ಚು ನೀರು ಹೋಗಬಾರದು, ಹೋದರೆ ಬಲ ಕುಂದುತ್ತದೆ. ಅಲ್ಲಿ ಬಕೆಟ್ ಲೆಕ್ಕವೇ ಇರಲಿಲ್ಲ. ನೋಡಿದರೆ ಅದು ಮೇಸ್ತ್ರಿಯ ಕೆಲಸ, ಕಾಂಕ್ರೀಟ್ ಸಲೀಸಾಗಿ ಹರಿಯಲಿ ಎಂದು. ಧಣಿಗೆ ಹೇಳಿದ ಮೇಲೆ ಅವರೇ ಮಿಕ್ಸರ್ ಪಕ್ಕ ಕುರ್ಚಿ ಹಾಕಿ ಕೂತರು.

ಆದ್ದರಿಂದ ಮೊದಲು ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ನೀತಿಯ ಮಾತೂ ಬೇಡ, ಲೆಕ್ಕದ ಮಾತು ಬರೆಯಿರಿ. ಫ್ಲ್ಯಾಟ್ ಕೊಂಡವರ ಹಿತ ಕಾಯುವ 2016ರ ರೇರಾ ಕಾಯ್ದೆಯ ಪ್ರಕಾರ, ಮನೆ ಬಿಟ್ಟುಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ಕೊಂಡವರು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಲಾಭ ನೋಡುವವರಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ.

ಅಷ್ಟಾದರೂ ಬದಲಾಗದಿದ್ದರೆ? ನಾನು ನೋಡುವುದು ಒಂದನ್ನೇ. ನಿಮ್ಮ ಕೈಯಿಂದ ಸುಳ್ಳು ಬರೆಸುತ್ತಾರಾ?

ನನ್ನ ಎರಡನೇ ಕೆಲಸದಲ್ಲಿ ಹಾಗಾಯಿತು. ಕಾಂಕ್ರೀಟಿನ ಬಲ ನೋಡಲು ಅದರದ್ದೇ ಚೌಕದ ತುಂಡು ಎರೆದು, 28ನೇ ದಿನ ಒಡೆದು ನೋಡುತ್ತಾರೆ; ಅದೇ ಕ್ಯೂಬ್. ಅದನ್ನು ಹಾಕಿ 10 ದಿನ ಆಗಿತ್ತು. ಮೂರು ಕ್ಯೂಬ್‌ಗಳೂ ಇನ್ನೂ ತೊಟ್ಟಿಯ ನೀರಲ್ಲಿದ್ದವು. ಆ ಬಲ ಬರೆದಿಡುವ ಕ್ಯೂಬ್ ರಿಜಿಸ್ಟರಿನಲ್ಲಿ ಮಾತ್ರ 28ನೇ ದಿನದ ಬಲ ಎಷ್ಟು ಎಂದು ಬರೆದಾಗಿತ್ತು. ಪಕ್ಕದಲ್ಲಿ ನನ್ನ ಸಹಿಗೆ ಜಾಗ ಖಾಲಿ ಬಿಟ್ಟಿದ್ದರು. ನಾನು ಸಹಿ ಹಾಕಿದೆ. ತಂಗಿಯ ಮದುವೆ ಸಾಲ ಇತ್ತು ಎಂದು ಈಗ ಹೇಳಬಹುದು, ಆದರೆ ಹಾಕಿದ್ದು ಹಾಕಿದ್ದೇ. ಅಲ್ಲಿಂದ ಹೊರಬೀಳಲು ಇನ್ನೂ ಎಂಟು ತಿಂಗಳು ಬೇಕಾಯಿತು. ಆ ಕಟ್ಟಡ ಈಗಲೂ ನಿಂತಿದೆ. ಆ ದಾರಿಯಲ್ಲಿ ಹೋಗುವಾಗ ಈಗಲೂ ಒಮ್ಮೆ ಕಣ್ಣು ಅತ್ತ ಹೋಗುತ್ತದೆ.

ಜಿಪುಣ ಧಣಿಯ ಹತ್ತಿರ ಇದ್ದು ಜಗಳ ಮಾಡಬಹುದು. ನೀವು ಇರುವುದರಿಂದ ಜಾಕಿ ನಾಲ್ಕು ದಿನ ಜಾಸ್ತಿ ನಿಂತರೆ ಅದು ಸಣ್ಣ ವಿಷಯವಲ್ಲ. ಸುಳ್ಳು ಬರೆಸುವವರ ಹತ್ತಿರ ಮಾತ್ರ ಇರಬೇಡಿ. ಏನಾದರೂ ಆದ ದಿನ ಮೊದಲು ನೋಡುವುದು ಆ ರಿಜಿಸ್ಟರನ್ನೇ, ಅಲ್ವಾ?

ಬಿಡುವುದಾದರೂ ಸಿಟ್ಟಿನಲ್ಲಿ ಬಿಡಬೇಡಿ. ನಮ್ಮ ಕಾಸರಗೋಡು ಸಣ್ಣ ಊರು. ಧಣಿಯ ಭಾವನೇ ನಾಳೆ ನಿಮ್ಮ ಇಂಟರ್‌ವ್ಯೂನಲ್ಲಿ ಕೂತಿರಬಹುದು. ನೋಟಿಸ್ ಅವಧಿ ಮುಗಿಸಿ, ರಿಲೀವಿಂಗ್ ಲೆಟರ್, ಅನುಭವ ಪತ್ರ ತೆಗೆದುಕೊಳ್ಳಿ. ಗಲ್ಫಿಗೆ ಹೋಗುವ ಯೋಚನೆ ಇದ್ದರಂತೂ ಅವಿಲ್ಲದೆ ಆಗುವುದಿಲ್ಲ. ನೀವು ಬರೆದುಕೊಟ್ಟ ಪತ್ರಗಳ ಪ್ರತಿ ಇಟ್ಟುಕೊಳ್ಳಿ, ಕಂಪನಿಯ ಡ್ರಾಯಿಂಗ್ ಮುಟ್ಟಬೇಡಿ. ಬೆಳಗಿನ ರೈಲು ಹತ್ತಿದರೆ ಮಂಗಳೂರಿನಲ್ಲಿ ಕೆಲಸ ಇದೆ, ಒಂದೆರಡು ಕಡೆ ಕೇಳಿಯೇ ರಾಜೀನಾಮೆ ಬರೆಯಿರಿ.

ಗ್ರಾಚ್ಯುಟಿಯನ್ನೂ, ಅಂದರೆ 5 ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಇಡಿಗಂಟನ್ನೂ, ಲೆಕ್ಕ ಹಾಕಿ. ಮೂಲ ವೇತನ, ಡಿಎ ಸೇರಿ ತಿಂಗಳಿಗೆ 25,000 ಇದ್ದರೆ 5 ವರ್ಷಕ್ಕೆ ಸುಮಾರು 72,000 ರೂಪಾಯಿ. ಐದು ವರ್ಷಕ್ಕೆ ಎರಡು ತಿಂಗಳು ಉಳಿದಿದ್ದರೆ ಹಲ್ಲು ಕಚ್ಚಿ ಕಾಯಿರಿ, ಸುಳ್ಳಿಗೆ ಸಹಿ ಮಾತ್ರ ಹಾಕದೆ.

ಹುಡುಗ ಪತ್ರ ಕೊಟ್ಟಿದ್ದಾನಂತೆ. ನಿನ್ನೆ ಮೆಸೇಜ್ ಬಂತು: ಎರಡು ಮೂಟೆ ಕವರ್ ಬ್ಲಾಕ್ ಬಂದಿವೆ, ಜಾಕಿಯ ವಿಷಯಕ್ಕೆ ಧಣಿ ಬಾಯಿ ಬಿಟ್ಟಿಲ್ಲ. ಕ್ಯೂಬ್ ರಿಜಿಸ್ಟರ್ ಎಲ್ಲಿದೆ ಎಂದು ಕೇಳಿದೆ. "ಆಫೀಸಿನ ಕಪಾಟಿನಲ್ಲಿ ಸರ್, ಬೀಗ ಹಾಕಿದ್ದಾರೆ" ಎಂದ. ಸೋಮವಾರ ಕೀ ಕೇಳುತ್ತಾನಂತೆ.