ನಾಲ್ಕು ಚುಕ್ಕಿ ಯಾಕೆ ಒತ್ತಿಸುತ್ತದೆ? ಮನೆಯಲ್ಲೇ ಮಾಡುವ ಸ್ಮಾರ್ಟ್ ಬೋರ್ಡ್ ಬಗ್ಗೆ ಟಿಪ್ಪಣಿ

ಧಾರವಾಡದಲ್ಲಿ ಬಿ.ಇಡಿ. ಓದುವಾಗ ಪಾಠಾಭ್ಯಾಸಕ್ಕೆಂದು ನಾವು ಮೂವರು ಸೇರಿ ಒಂದು ಸ್ಮಾರ್ಟ್ ಬೋರ್ಡ್ ಮಾಡಿದೆವು. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಶಾಲೆಯಲ್ಲೇ ಇದ್ದವು. ನಾವು ಹೊಂದಿಸಿದ್ದು ಒಂದು ಪೆನ್ನು, ಒಂದು ಕ್ಯಾಮೆರಾ ಅಷ್ಟೇ. ಪೆನ್ನಿನ ತುದಿಯ ಬೆಳಕು ಎಲ್ಲಿದೆ ಎಂದು ಕ್ಯಾಮೆರಾ ನೋಡುತ್ತದೆ, ಲ್ಯಾಪ್‌ಟಾಪ್ ಅಲ್ಲೇ ಗೆರೆ ಎಳೆಯುತ್ತದೆ, ಪ್ರೊಜೆಕ್ಟರ್ ಅದನ್ನು ಬೋರ್ಡಿನ ಮೇಲೆ ತೋರಿಸುತ್ತದೆ. ಜೋಡಿಸುವುದು ಒಂದು ಸಂಜೆಯ ಕೆಲಸ. ಒಳಗಿನ ಲೆಕ್ಕ ಅರ್ಥವಾಗಲು ಮಾತ್ರ ವಾರ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ದಾರಿ ತೋರಿಸಿದವರು ಜಾನಿ ಲೀ. ಆಗ ಅವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿ. ನಿಂಟೆಂಡೊ ಕಂಪನಿಯ ವೀ ಆಟದ ರಿಮೋಟ್‌ನ ಮೂತಿಯಲ್ಲಿ ಒಂದು ಇನ್‌ಫ್ರಾರೆಡ್ ಕ್ಯಾಮೆರಾ, ಅಂದರೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ನೋಡುವ ಕ್ಯಾಮೆರಾ ಇದೆ. ಅದನ್ನೇ ಬಳಸಿ ಬೋರ್ಡ್ ಮಾಡಬಹುದು ಎಂದು ಅವರು 2007ರ ಡಿಸೆಂಬರ್‌ನಲ್ಲಿ ವಿಡಿಯೊ ಮಾಡಿ ತೋರಿಸಿದರು. ಈಗ ಹಳೆಯ ವೀ ರಿಮೋಟ್ ಸಿಕ್ಕರೆ ಅದೂ ಆಗುತ್ತದೆ. ಇಲ್ಲದಿದ್ದರೆ ಒಳಗಿನ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ತೆಗೆದ ವೆಬ್‌ಕ್ಯಾಮ್ ಸಾಕು. ಅದರ ಮುಂದೆ ಹಳೇ ಕಲರ್ ಫೋಟೊ ನೆಗೆಟಿವ್‌ನ ಕಪ್ಪು ತುಂಡು ಅಂಟಿಸಿದರೆ ಮಾಮೂಲಿ ಬೆಳಕು ಬಹುಪಾಲು ನಿಂತುಹೋಗುತ್ತದೆ, ಇನ್‌ಫ್ರಾರೆಡ್ ಒಳಗೆ ಬರುತ್ತದೆ.

ಪೆನ್ನು ಎಂದರೆ ಖಾಲಿ ಮಾರ್ಕರ್ ಕೊಳವೆ. ತುದಿಯಲ್ಲಿ ಟಿವಿ ರಿಮೋಟ್‌ನಲ್ಲಿರುವಂಥ ಇನ್‌ಫ್ರಾರೆಡ್ ಎಲ್‌ಇಡಿ, ನಡುವೆ ಒತ್ತುವ ಸ್ವಿಚ್, ಹಿಂದೆ 1.5 ವೋಲ್ಟ್ ಸೆಲ್ಲು. ಈ ಎಲ್‌ಇಡಿಗೆ ಸುಮಾರು 1.3 ವೋಲ್ಟ್ ಬೇಕು, ಹಾಗಾಗಿ ಒಂದೇ ಸೆಲ್ಲಿನಲ್ಲಿ ನಡೆಯುತ್ತದೆ. ಎರಡು ಸೆಲ್ ಹಾಕಿದರೆ ಕರೆಂಟ್ ತಗ್ಗಿಸುವ ರೆಸಿಸ್ಟರ್ ಬೇಕೇ ಬೇಕು. 3ರಲ್ಲಿ 1.3 ಕಳೆದರೆ 1.7 ವೋಲ್ಟ್. 50 ಮಿಲಿಆಂಪಿಯರ್ ಹರಿಯಲಿ ಅಂದರೆ 1.7 ಭಾಗಿಸು 0.05, ಅಂದರೆ 34 ಓಮ್. ಅಂಗಡಿಯಲ್ಲಿ 33 ಓಮ್‌ನದು ಸಿಗುತ್ತದೆ. ಎಲ್‌ಇಡಿಯ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಮೊಬೈಲ್‌ನ ಸೆಲ್ಫಿ ಕ್ಯಾಮೆರಾ ಹಿಡಿದು ನೋಡಿ, ಎಷ್ಟೋ ಫೋನ್‌ಗಳಲ್ಲಿ ನೇರಳೆ ಚುಕ್ಕಿಯಂತೆ ಕಾಣುತ್ತದೆ.

ಈಗ ನಾಲ್ಕು ಚುಕ್ಕಿಯ ವಿಷಯ. ಬೋರ್ಡ್ ಶುರುವಾದ ಕೂಡಲೇ ಮೂಲೆಗಳಲ್ಲಿ ಒಂದೊಂದಾಗಿ ಗುರುತು ಬರುತ್ತದೆ, ಪೆನ್ನಿನಿಂದ ಒತ್ತಬೇಕು. ಸುಮ್ನೆ ಒತ್ತಿ ಮುಂದೆ ಹೋಗಬೇಡಿ. ಇಡೀ ಬೋರ್ಡ್ ನಿಂತಿರುವುದೇ ಇದರ ಮೇಲೆ.

ಹೊಲದ ಒಂದು ಮೂಲೆಯ ಬದುವಿನ ಮೇಲೆ ನಿಂತು ನೋಡಿ. ಹೊಲ ಚೌಕವೇ ಇದ್ದರೂ ಕಣ್ಣಿಗೆ ಸೊಟ್ಟ ಕಾಣುತ್ತದೆ, ಅಲ್ವಾ? ಪಕ್ಕದಲ್ಲಿಟ್ಟ ಕ್ಯಾಮೆರಾಗೂ ಬೋರ್ಡ್ ಹಾಗೇ ಕಾಣುವುದು. ಬರೀ ಎಳೆದು ಹಿಗ್ಗಿಸಿದರೆ ಸರಿಯಾಗುವುದಿಲ್ಲ. ಹುಬ್ಬಳ್ಳಿ-ಧಾರವಾಡ ರೈಲು ಹಳಿಯ ಸ್ಲೀಪರ್‌ಗಳನ್ನು ನೆನೆಸಿಕೊಳ್ಳಿ. ನೆಲದ ಮೇಲೆ ಅಂತರ ಒಂದೇ. ನೋಡುವಾಗ ಮಾತ್ರ ಹತ್ತಿರದವು ಅಗಲ, ದೂರದವು ಒತ್ತೊತ್ತು. ಅಂದರೆ ಬೋರ್ಡಿನ ನಟ್ಟನಡುವಿನ ಚುಕ್ಕಿ ಕ್ಯಾಮೆರಾ ಚಿತ್ರದಲ್ಲಿ ನಡುವೆ ಇರುವುದಿಲ್ಲ. ದೂರ ಹೋದಂತೆ ಚಿಕ್ಕದಾಗುವ ಈ ಗುಣವನ್ನು ಹಿಡಿಯಲು, ಕ್ಯಾಮೆರಾ ಚಿತ್ರದ ಜಾಗವನ್ನು ಬೋರ್ಡಿನ ಜಾಗಕ್ಕೆ ಬದಲಿಸುವ ಸೂತ್ರದಲ್ಲಿ ಒಂದು ಭಾಗಾಕಾರ ಇರಲೇಬೇಕು. ಆ ಸೂತ್ರದಲ್ಲಿ ಗೊತ್ತಿಲ್ಲದ ಸಂಖ್ಯೆಗಳು 8. ಒಂದು ಚುಕ್ಕಿ ಒತ್ತಿದರೆ ಅಡ್ಡಕ್ಕೊಂದು, ಉದ್ದಕ್ಕೊಂದು ಎಂದು 2 ಸಮೀಕರಣ ಸಿಗುತ್ತವೆ. 4 ಚುಕ್ಕಿಗೆ 8. ಮೂರು ಒತ್ತಿದರೆ ಸಾಲದು, ಐದನೆಯದು ಬೇಕಿಲ್ಲ. ಇದು ತಿಳಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣ ಕಲಿಸುವಾಗ ಇದನ್ನೇ ಎದುರಿಗಿಟ್ಟು ತೋರಿಸಬಹುದು.

ಕ್ಯಾಮೆರಾ ಎಲ್ಲಿ ಇಡಬೇಕು? ಬಲಗೈಯಲ್ಲಿ ಬರೆಯುವವರ ಮೈ ಪೆನ್ನಿನ ಎಡಕ್ಕಿರುತ್ತದೆ. ಆದ್ದರಿಂದ ಬಲಗಡೆ, ಸ್ವಲ್ಪ ಎತ್ತರಕ್ಕೆ ಇಡಿ. ಎಡಗೈ ಮಕ್ಕಳಿಗೆ ಎಡಗಡೆ. ತೀರಾ ದೂರ ಇಡಬೇಡಿ. ವೀ ರಿಮೋಟ್ ಅಡ್ಡಕ್ಕೆ 1024 ಬಿಂದು ಎಣಿಸುತ್ತದೆ. 6 ಅಡಿ ಬೋರ್ಡ್ ಅದರ ನೋಟವನ್ನು ಪೂರ್ತಿ ತುಂಬಿದರೆ ಒಂದು ಬಿಂದುವಿಗೆ ಸುಮಾರು 1.8 ಮಿಲಿಮೀಟರ್. ಅರ್ಧವಷ್ಟೇ ತುಂಬಿದರೆ 3.6. ಆಗ ಅಕ್ಷರ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಒತ್ತು ಕೊಂಬು ಓದಲಾಗುವುದಿಲ್ಲ.

ಮೊದಲ ಪಾಠದ ದಿನ ಮಧ್ಯಾಹ್ನ ಚೆನ್ನಾಗಿಯೇ ಶುರುವಾಯಿತು. ಮೂರು ಗಂಟೆಯ ಹೊತ್ತಿಗೆ ಗೆರೆಗಳು ಎಲ್ಲೆಂದರಲ್ಲಿ ಹಾರತೊಡಗಿದವು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ‘ಸರ್, ಯಾರೂ ಮುಟ್ಟಿಲ್ಲರಿ, ತಾನ ಬರಿಯಾಕತ್ತೈತ್ರಿ’ ಎಂದಳು. ಪಶ್ಚಿಮದ ಕಿಟಕಿಯ ಸಂದಿಯಿಂದ ಬಿಸಿಲಿನ ಒಂದು ಕೋಲು ನುಣುಪು ಬೋರ್ಡಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಜಾಸ್ತಿ. ಕ್ಯಾಮೆರಾಗೆ ಪೆನ್ನು, ಬಿಸಿಲು ಎರಡೂ ಒಂದೇ. ಕಿಟಕಿಗೆ ಚಾದರ ಕಟ್ಟಿದೆವು, ನಿಂತಿತು. ಮರುದಿನದಿಂದ ನುಣುಪು ಬೋರ್ಡ್ ಬಿಟ್ಟು ಸುಣ್ಣ ಬಳಿದ ಗೋಡೆಯ ಮೇಲೇ ಬರೆಸಿದೆವು. ಹಳೆಯ ಗುಂಡು ಬಲ್ಬಿನಿಂದಲೂ ಇದೇ ತೊಂದರೆ ಬರುತ್ತದೆ.

ಪೆನ್ನು ಓರೆ ಹಿಡಿದಾಗ ಗೆರೆ ತುಂಡಾಗುತ್ತಿದ್ದರೆ ಎಲ್‌ಇಡಿಯ ತಲೆಯನ್ನು ಪಾಲಿಶ್ ಪೇಪರ್‌ನಿಂದ ಮೆಲ್ಲಗೆ ಉಜ್ಜಿ. ಬೆಳಕು ಸುತ್ತಲೂ ಹರಡುತ್ತದೆ.

ಕ್ಯಾಮೆರಾ ಸ್ಟ್ಯಾಂಡಿನ ಮೂರೂ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಡಿ. ಯಾರಾದರೂ ಎಡವಿದರೆ ಅದೇ ಜಾಗಕ್ಕೆ ಇಟ್ಟು, ನಾಲ್ಕು ಚುಕ್ಕಿ ಮತ್ತೆ ಒತ್ತಿ.